ಡೇರೆ ತಿಂದ ಬೂಷ್ಟು, ನಡೆದಾಡುವ ಕಿಣ್ವ

ಒಂದೇ ಗದ್ದೆ, ಒಂದೇ ಪೈರು. ತೆನೆಯ ಅಕ್ಕಿ ನಮಗೆ, ಉಳಿದ ಹುಲ್ಲು ದನಕ್ಕೆ. ತಲೆತಲಾಂತರದಿಂದ ನಡೆದುಬಂದ ಈ ಪಾಲುಪಟ್ಟಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಅಕ್ಕಿಯ ಪಿಷ್ಟವನ್ನೂ ಹುಲ್ಲಿನ ಸೆಲ್ಯುಲೋಸನ್ನೂ ಕೊನೆಯ ತುಣುಕಿನವರೆಗೆ ಬಿಡಿಸುತ್ತಾ ಹೋಗಿ ನೋಡಿ. ಎರಡರಲ್ಲೂ ಸಿಗುವುದು ಒಂದೇ ವಸ್ತು, ಗ್ಲೂಕೋಸ್! ನಮ್ಮ ರಕ್ತದಲ್ಲಿ ಹರಿಯುವ, ಮಿದುಳು ಕ್ಷಣಕ್ಷಣವೂ ಬೇಡುವ ಅದೇ ಸಕ್ಕರೆ. ಹುಲ್ಲಿನ ಬಣವೆಯೆಂದರೆ ಬಹುಪಾಲು ಸಕ್ಕರೆಯ ಬಣವೆ. ಹತ್ತಿಯ ಪಂಚೆ ಸಕ್ಕರೆ. ಪುಸ್ತಕದ ಹಾಳೆ ಸಕ್ಕರೆ. ಭೂಮಿಯ ಮೇಲೆ ಜೀವಿಗಳು ಕಟ್ಟಿದ ಸರಪಳಿ ಅಣುಗಳಲ್ಲಿ ಇದರಷ್ಟು ಹೇರಳವಾದದ್ದು ಇನ್ನೊಂದಿಲ್ಲ, ಆದರೂ ಅದರ ನಡುವೆಯೇ ಮನುಷ್ಯ ಹಸಿದು ಕೂತಿದ್ದಾನೆ.

ತಡೆದಿರುವುದು ಏನು ಎಂದು ಕೇಳಿದರೆ ಉತ್ತರ ನಂಬಲಾರದಷ್ಟು ಚಿಕ್ಕದು. ಪಿಷ್ಟದಲ್ಲಿ ಗ್ಲೂಕೋಸ್ ಅಣುಗಳೆಲ್ಲ ಒಂದೇ ಕಡೆಗೆ ಮುಖಮಾಡಿ ಕೈಹಿಡಿದುಕೊಂಡಿವೆ. ಆ ಸರಪಳಿ ಸುರುಳಿ ಸುತ್ತಿಕೊಳ್ಳುತ್ತದೆ, ಒಳಗೆ ನೀರು ಹೋಗುತ್ತದೆ, ನಮ್ಮ ಎಂಜಲೂ ಅದನ್ನು ಕತ್ತರಿಸುತ್ತದೆ. ಸೆಲ್ಯುಲೋಸಿನಲ್ಲಿ ಪ್ರತಿ ಎರಡನೆಯ ಅಣು ಮಗ್ಗುಲು ತಿರುಗಿ ನಿಂತಿದೆ. ಅಷ್ಟೇ! ಆ ಒಂದು ತಿರುವಿನಿಂದ ಸರಪಳಿ ನೆಟ್ಟಗಾಗುತ್ತದೆ. ನೆಟ್ಟಗಿನ ಸರಪಳಿಗಳು ಅಕ್ಕಪಕ್ಕ ಒತ್ತಿ ಕೂರುತ್ತವೆ, ಒಂದನ್ನೊಂದು ಅಂಟಿ ಹಿಡಿಯುತ್ತವೆ, ನೀರಿನ ಹನಿಗೂ ಎಡೆಯಿಲ್ಲದ ಹರಳಾಗುತ್ತವೆ. ಸಸ್ಯ ಇಂಥ ಎಳೆಗಳನ್ನು ಪದರಪದರವಾಗಿ ಹೆಣೆದು, ನಡುವೆ ಕ್ಸೈಲಾನ್ ಮೊದಲಾದ ಹೆಮಿಸೆಲ್ಯುಲೋಸುಗಳನ್ನು ಸೇರಿಸಿ, ಪೆಕ್ಟಿನ್ನಿನ ಅಂಟು ತುಂಬಿ, ಗಟ್ಟಿಯಾಗಬೇಕಾದಲ್ಲಿ ಲಿಗ್ನಿನ್ ಎರೆದು ತನ್ನ ಪ್ರತಿಯೊಂದು ಜೀವಕೋಶಕ್ಕೂ ಗೋಡೆ ಕಟ್ಟಿಕೊಳ್ಳುತ್ತದೆ. ಆಲದ ಮರವನ್ನು ನೂರಾರು ವರ್ಷ ನಿಲ್ಲಿಸುವ ಗೋಡೆ ಅದು.

ಎಷ್ಟು ಗಟ್ಟಿ? ಅಮೆರಿಕದ ನಾರ್ತ್ ಕೆರೊಲಿನಾದ ರಿಚರ್ಡ್ ವುಲ್ಫೆಂಡೆನ್ ಮತ್ತು ಸಂಗಡಿಗರು 1998ರಲ್ಲಿ ಲೆಕ್ಕ ಹಾಕಿದರು. ಯಾವ ಸಹಾಯವೂ ಇಲ್ಲದೆ ಬರೀ ನೀರಿನಲ್ಲಿ, ಸಾಮಾನ್ಯ ಉಷ್ಣತೆಯಲ್ಲಿ ಇಟ್ಟರೆ ಸೆಲ್ಯುಲೋಸಿನ ಬಂಧಗಳಲ್ಲಿ ಅರ್ಧದಷ್ಟು ಮುರಿಯಲು ಹತ್ತಿರ ಹತ್ತಿರ 50 ಲಕ್ಷ ವರ್ಷ ಬೇಕು. ಐವತ್ತು ಲಕ್ಷ! ಆದರೆ ಹಿತ್ತಲಲ್ಲಿ ಮರೆತುಬಿಟ್ಟ ಹುಲ್ಲುಹೊರೆಯನ್ನು ಮಳೆಗಾಲ ಮುಗಿದ ಮೇಲೆ ಎತ್ತಿ ನೋಡಿ. ಕೈಯಲ್ಲಿ ಪುಡಿಪುಡಿ. ಫ್ರಾನ್ಸಿನ ಆಂರಿ ಬ್ರಾಕೊನೊ 1819ರಲ್ಲಿ ಹಳೆಯ ನಾರುಬಟ್ಟೆಯಿಂದ ಸಕ್ಕರೆ ತೆಗೆದು ಎಲ್ಲರನ್ನೂ ಬೆರಗುಗೊಳಿಸಿದಾಗ ಅವರಿಗೆ ಪ್ರಬಲ ಗಂಧಕಾಮ್ಲ ಬೇಕಾಗಿತ್ತು. ಅದೇ ಕೆಲಸವನ್ನು ಹಿತ್ತಲ ಬೂಷ್ಟು ಬೆಂಕಿಯಿಲ್ಲದೆ, ಆಮ್ಲವಿಲ್ಲದೆ, ತಣ್ಣಗಿನ ಮಳೆನೀರಿನಲ್ಲಿ ಮಾಡಿ ಮುಗಿಸಿದೆ. ಕೊಳೆಯುವುದು ಎಂದರೆ ಏನೋ ಕೆಡುವುದು ಎಂದುಕೊಂಡು ನಾವು ಮುಖ ತಿರುಗಿಸುತ್ತೇವಲ್ಲ, ಆ ಕೊಳೆಯ ಒಳಗೆ ನಡೆಯುತ್ತಿರುವುದು ಜಗತ್ತಿನ ಅತ್ಯಂತ ನಾಜೂಕಿನ ಯಂತ್ರಗಾರಿಕೆ. ಅದನ್ನು ಮನುಷ್ಯ ಕಂಡುಕೊಂಡ ಕಥೆ ಶುರುವಾಗುವುದು ಒಂದು ಯುದ್ಧಭೂಮಿಯಲ್ಲಿ.

ಎರಡನೆಯ ಮಹಾಯುದ್ಧದ ಕಾಲ, ದಕ್ಷಿಣ ಪೆಸಿಫಿಕ್ಕಿನ ದ್ವೀಪಗಳು. ಬಿಡದ ಮಳೆ, ಬೇಗೆ, ಕಾಡು. ಅಮೆರಿಕದ ಸೈನ್ಯ ಅಲ್ಲಿಗೆ ಒಯ್ದ ಹತ್ತಿಯ ಸಾಮಾನೆಲ್ಲ, ಡೇರೆ, ಬೆಲ್ಟು, ಚೀಲ, ಉಡುಪು, ಕಣ್ಣೆದುರೇ ಹರಿದು ಬೀಳತೊಡಗಿತು. ಗುಂಡಿಗಿಂತ ಮೊದಲು ಬೂಷ್ಟು ದಾಳಿ ಮಾಡಿತ್ತು. ಸೈನ್ಯಕ್ಕೆ ಸಾಮಾನು ಪೂರೈಸುವ ಕ್ವಾರ್ಟರ್‌ಮಾಸ್ಟರ್ ವಿಭಾಗ ಕೊಳೆತ ಬಟ್ಟೆಯ ತುಂಡುಗಳನ್ನು ತರಿಸಿ, ಅವುಗಳ ಮೇಲಿನ ಬೂಷ್ಟುಗಳನ್ನು ಬೇರ್ಪಡಿಸಿ, ನಂಬರು ಕೊಟ್ಟು ಸಾಲಾಗಿ ಇಟ್ಟಿತು. ಬೂಗನ್‌ವಿಲ್ ದ್ವೀಪದ ಡೇರೆಯೊಂದರ ಕೊಳೆತ ಬಟ್ಟೆಯಿಂದ ಬಂದ ಹಸಿರು ಬೂಷ್ಟಿಗೆ ಸಿಕ್ಕ ನಂಬರು ಕ್ಯೂಎಂ6ಎ.

ಅಲ್ಲಿಗೆ ಕೆಲಸ ಮುಗಿಯಬಹುದಿತ್ತು. ಕೊಲ್ಲುವ ಔಷಧಿ ಹುಡುಕಿ, ಬಟ್ಟೆಗೆ ಸವರಿ, ಕಡತ ಮುಚ್ಚಬಹುದಿತ್ತು. ಆದರೆ ಆ ಪ್ರಯೋಗಾಲಯದಲ್ಲಿ ಎಲ್ವಿನ್ ರೀಸ್ ಎಂಬ ವಿಜ್ಞಾನಿ ಇದ್ದರು. ಬೂಷ್ಟನ್ನು ಹೇಗೆ ಕೊಲ್ಲುವುದು ಎನ್ನುವುದಕ್ಕಿಂತ ಅದು ಹತ್ತಿಯನ್ನು ಹೇಗೆ ತಿನ್ನುತ್ತದೆ ಎಂಬ ಪ್ರಶ್ನೆ ಅವರನ್ನು ಹಿಡಿದುಕೊಂಡಿತು. ಬೂಷ್ಟಿಗೆ ಬಾಯಿಲ್ಲ, ಹಲ್ಲಿಲ್ಲ, ಹೊಟ್ಟೆಯಿಲ್ಲ. ಅದು ತನ್ನ ಜೀರ್ಣರಸವನ್ನು ಹೊರಗೇ ಸುರಿಯುತ್ತದೆ, ಆಹಾರ ಹೊರಗೇ ಕರಗುತ್ತದೆ, ಕರಗಿದ ಸಕ್ಕರೆಯನ್ನು ಮೈಯಿಡೀ ಹೀರಿಕೊಳ್ಳುತ್ತದೆ. ಹಾಗಾದರೆ ಆ ರಸವನ್ನು ಸೋಸಿ ಇಟ್ಟುಕೊಳ್ಳಬಹುದಲ್ಲ! ರೀಸ್ ಮತ್ತು ಅವರ ಜೊತೆ ಬಂದು ಸೇರಿದ ಮೇರಿ ಮ್ಯಾಂಡೆಲ್ಸ್ ಮಸಾಚುಸೆಟ್ಸಿನ ನೇಟಿಕ್‌ನಲ್ಲಿದ್ದ ಸೇನಾ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಇದೊಂದನ್ನೇ ಹಿಡಿದು ಕೂತರು.

ಅವರ ಪರೀಕ್ಷೆ ಎಷ್ಟು ಸರಳ ನೋಡಿ. ಒಂದು ಸೆಂಟಿಮೀಟರ್ ಅಗಲ, ಆರು ಸೆಂಟಿಮೀಟರ್ ಉದ್ದದ ಫಿಲ್ಟರ್ ಕಾಗದದ ಪಟ್ಟಿ, ತೂಕ 50 ಮಿಲಿಗ್ರಾಂ. ಅದನ್ನು ಸುರುಳಿ ಸುತ್ತಿ ಪ್ರನಾಳದೊಳಗೆ ಇಳಿಸುವುದು, ಬೂಷ್ಟು ಬೆಳೆಸಿ ಸೋಸಿದ ತಿಳಿರಸ ಹಾಕುವುದು, 50 ಡಿಗ್ರಿ ಸೆಲ್ಸಿಯಸ್ಸಿನ ಬಿಸಿನೀರಿನಲ್ಲಿ ಒಂದು ಗಂಟೆ ಇಡುವುದು. ಆಮೇಲೆ ಬಣ್ಣ ಬರಿಸುವ ರಾಸಾಯನಿಕ ಸೇರಿಸಿದರೆ ಕಾಗದದಿಂದ ಎಷ್ಟು ಸಕ್ಕರೆ ಬಿಟ್ಟಿತು ಎಂದು ತಿಳಿಯುತ್ತದೆ. ಕಾಗದ ಸಕ್ಕರೆಯಾಗುವುದನ್ನು ಗಾಜಿನ ಕೊಳವೆಯೊಳಗೆ ಅಳೆಯುವುದು! ಈ ಪರೀಕ್ಷೆಯನ್ನು ಎಲ್ಲ ದೇಶಗಳ ಪ್ರಯೋಗಾಲಯಗಳೂ ಒಂದೇ ರೀತಿ ಮಾಡುವಂತೆ 1987ರಲ್ಲಿ ಕ್ರಮ ಬರೆದುಕೊಟ್ಟವರು ದೆಹಲಿ ಐಐಟಿಯ ಟಿ.ಕೆ. ಘೋಷ್ ಎನ್ನುವುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

1973ರಲ್ಲಿ ತೈಲ ಬಿಕ್ಕಟ್ಟು ಬಂತು. ಹುಲ್ಲಿನಿಂದ ಸಕ್ಕರೆ, ಸಕ್ಕರೆಯಿಂದ ಎಥನಾಲ್: ಸೈನ್ಯದ ಶತ್ರುವಾಗಿದ್ದ ಬೂಷ್ಟು ರಾತ್ರೋರಾತ್ರಿ ಇಂಧನದ ಆಸೆಯಾಯಿತು. 1977ರಲ್ಲಿ ಅದಕ್ಕೆ ರೀಸ್ ಅವರ ಗೌರವಾರ್ಥ ಟ್ರೈಕೋಡರ್ಮಾ ರೀಸಿ ಎಂಬ ಹೆಸರಿಟ್ಟರು. ನಮ್ಮ ಅಡಿಕೆ, ಕಾಳುಮೆಣಸಿನ ತೋಟದವರಿಗೆ ಟ್ರೈಕೋಡರ್ಮಾ ಹೊಸ ಹೆಸರಲ್ಲ. ಬುಡ ಕೊಳೆಯುವ ರೋಗ ತಡೆಯಲು ಬೇವಿನ ಹಿಂಡಿಯ ಜೊತೆ ಬೆರೆಸಿ ಹಾಕುತ್ತಾರಲ್ಲ, ಅದು ಇದೇ ಮನೆತನದ್ದು. ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಅತಿನೇರಳೆ ಕಿರಣ ಮತ್ತು ರಾಸಾಯನಿಕಗಳ ಪೆಟ್ಟು ತಿಂದು ಹೊರಬಂದ ಅದರ ಮರಿತಳಿ ರಟ್-ಸಿ30, ಮೂಲದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಕಿಣ್ವ, ಅಂದರೆ ಸರಪಳಿ ಕತ್ತರಿಸುವ ಪ್ರೋಟೀನು, ಸುರಿಸತೊಡಗಿತು. ಇಂದಿನ ಕಾರ್ಖಾನೆಯ ತಳಿಗಳು ಪ್ರತಿ ಲೀಟರ್ ರಸಕ್ಕೆ 100 ಗ್ರಾಂಗೂ ಹೆಚ್ಚು ಪ್ರೋಟೀನನ್ನು ಹೊರಗೆ ಸುರಿಯುತ್ತವೆ. ಈ ಜಾತಿಯ ಕಾರ್ಖಾನೆ ತಳಿಗಳ ವಂಶವೃಕ್ಷ ಹಿಡಿದು ಹಿಂದಕ್ಕೆ ಹೋದರೆ ಎಲ್ಲವೂ ಬಂದು ನಿಲ್ಲುವುದು ಬೂಗನ್‌ವಿಲ್‌ನ ಆ ಒಂದೇ ಡೇರೆಯ ಹತ್ತಿರ!

ಸರಿ, ಆ ರಸದಲ್ಲಿ ಇರುವುದೇನು? ನನ್ನ ಮಟ್ಟಿಗೆ ಈ ಕಥೆಯ ಜೀವಾಳ ಇರುವುದು ಇಲ್ಲೇ.

ರಸದಲ್ಲಿ ಅತಿ ಹೆಚ್ಚಿರುವ ಕಿಣ್ವದ ಹೆಸರು ಸೆಲ್7ಎ. ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳು 1994ರಲ್ಲಿ ಅದರ ಆಕಾರವನ್ನು ಎಕ್ಸ್-ಕಿರಣದಿಂದ ಬಿಡಿಸಿ ತೋರಿಸಿದಾಗ ಕಂಡದ್ದು ಸುರಂಗ. ಒಂದು ಪ್ರೋಟೀನಿನ ಉಂಡೆ, ಅದರ ನಟ್ಟನಡುವೆ ಸುಮಾರು ಐದು ನ್ಯಾನೋಮೀಟರ್ ಉದ್ದದ ಸುರಂಗ. ಒಂದು ನ್ಯಾನೋಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಉಂಡೆಗೆ ಒಂದು ಉದ್ದನೆಯ ಬಾಲ, ಬಾಲದ ತುದಿಯಲ್ಲಿ ಸೆಲ್ಯುಲೋಸಿಗೆ ಅಂಟಿಕೊಳ್ಳುವ ಪುಟ್ಟ ಪಾದ. ಕಿಣ್ವ ಹರಳಿನ ಮೇಲೆ ಪಾದ ಊರಿ, ಒಂದು ಸರಪಳಿಯ ತುದಿಯನ್ನು ಹುಡುಕಿ, ಮಗು ಶಾವಿಗೆಯ ಎಳೆಯನ್ನು ಬಾಯೊಳಗೆ ಎಳೆದುಕೊಳ್ಳುವ ಹಾಗೆ ಅದನ್ನು ಸುರಂಗದೊಳಗೆ ಎಳೆದುಕೊಳ್ಳುತ್ತದೆ. ಒಳಗೆ ಹತ್ತು ಗ್ಲೂಕೋಸುಗಳಿಗೆ ಹತ್ತು ಆಸನ. ಸುರಂಗದ ಆ ಕೊನೆಯಲ್ಲಿ ಕತ್ತರಿ. ಎರಡೆರಡೇ ಗ್ಲೂಕೋಸಿನ ತುಂಡು ಕತ್ತರಿಸಿ ಹೊರಗೆ ಬಿಡುತ್ತದೆ, ಮುಂದೆ ಸರಿಯುತ್ತದೆ, ಮತ್ತೆ ಕತ್ತರಿಸುತ್ತದೆ. ಹಿಡಿದ ಎಳೆಯನ್ನು ಬಿಡುವುದಿಲ್ಲ.

ಇದೆಲ್ಲ ಊಹೆಯಲ್ಲ. ಅದು ನಡೆಯುವುದನ್ನು ಮನುಷ್ಯ ಕಣ್ಣಾರೆ ನೋಡಿದ್ದಾನೆ! ಜಪಾನಿನ ಕನಜಾವಾ ವಿಶ್ವವಿದ್ಯಾಲಯದ ತೊಶಿಯೊ ಆಂಡೊ ಅವರು ಅತಿ ಸೂಕ್ಷ್ಮ ಸೂಜಿಮೊನೆಯಿಂದ ಮೇಲ್ಮೈಯನ್ನು ತಡವಿ ತಡವಿ ಚಿತ್ರ ಮೂಡಿಸುವ ಸೂಕ್ಷ್ಮದರ್ಶಕಕ್ಕೆ ಚಲನಚಿತ್ರದ ವೇಗ ಕೊಟ್ಟರು. ಅದರ ಕೆಳಗೆ ಟೋಕಿಯೊ ವಿಶ್ವವಿದ್ಯಾಲಯದ ಕಿಯೊಹಿಕೊ ಇಗರಾಶಿ ಪಾಚಿಯಿಂದ ತೆಗೆದ ಸೆಲ್ಯುಲೋಸಿನ ಹರಳನ್ನಿಟ್ಟು, ಸೆಲ್7ಎ ಹನಿಸಿದರು. 2011ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಆ ಚಿತ್ರಗಳಲ್ಲಿ ಹರಳಿನ ದಂಡೆಯ ಮೇಲೆ ಬೆಳ್ಳನೆಯ ಚುಕ್ಕೆಗಳು ಸಾಲುಗಟ್ಟಿ ಒಂದೇ ದಿಕ್ಕಿಗೆ ಸಾಗುತ್ತವೆ. ಒಂದೊಂದು ಚುಕ್ಕೆಯೂ ಒಂದೊಂದು ಅಣು. ವೇಗ ಸೆಕೆಂಡಿಗೆ ಸುಮಾರು ಏಳು ನ್ಯಾನೋಮೀಟರ್. ಒಂದು ಹೆಜ್ಜೆಗೆ ಒಂದು ನ್ಯಾನೋಮೀಟರಾದರೆ ಸೆಕೆಂಡಿಗೆ ಏಳು ಕತ್ತರಿ! ಮುಂದಿನದು ಎಲ್ಲೋ ಎಡವಿ ನಿಂತರೆ ಹಿಂದಿನವೆಲ್ಲ ಬಂದು ಒತ್ತುತ್ತವೆ. ಟ್ರಾಫಿಕ್ ಜಾಮ್ ಎಂದೇ ಅವರು ಬರೆದರು. ಆಮೇಲೆ ಹಠಾತ್ತನೆ ದಾರಿ ಬಿಟ್ಟು ಇಡೀ ಗುಂಪು ಮುಂದಕ್ಕೆ ಜರುಗುತ್ತದೆ, ಅದರ ಕೆಳಗಿನ ಹರಳಿನ ಪದರ ಸವೆದುಹೋಗುತ್ತದೆ. ಐವತ್ತು ಲಕ್ಷ ವರ್ಷದ ಬಂಧವನ್ನು ಸೆಕೆಂಡಿಗೆ ಏಳರಂತೆ ಬಿಚ್ಚುತ್ತಾ ನಡೆಯುವ ಅಣುವನ್ನು ನೋಡಿದ ಮೇಲೆ ಒಂದು ಕೊಳೆತ ತರಗೆಲೆಯನ್ನು ಮೊದಲಿನ ಕಣ್ಣಿನಿಂದ ನೋಡುವುದು ಹೇಗೆ?

ಜೊತೆಗೆ ಬೇರೆಯವೂ ಇವೆ. ಸೆಲ್7ಎ ಒಂದು ತುದಿಯಿಂದ ನಡೆದರೆ ಸೆಲ್6ಎ ಇನ್ನೊಂದು ತುದಿಯಿಂದ ಹೊರಡುತ್ತದೆ. ನಡುವೆ ಕತ್ತರಿಸಿ ಇಬ್ಬರಿಗೂ ಹೊಸ ತುದಿ ಮಾಡಿಕೊಡುವ ಕಿಣ್ವಗಳಿವೆ. ಕೊನೆಯಲ್ಲಿ ಎರಡರ ತುಂಡನ್ನು ಒಂಟಿ ಗ್ಲೂಕೋಸಾಗಿ ಒಡೆಯುವುದೊಂದು; ಅದು ತಡಮಾಡಿದರೆ ತುಂಡುಗಳು ರಾಶಿಬಿದ್ದು ಸೆಲ್7ಎಯ ಕೆಲಸವೇ ನಿಧಾನವಾಗುತ್ತದೆ. ಒಂದೊಂದನ್ನೇ ಬಿಟ್ಟು ಅಳೆದು, ಬಂದದ್ದನ್ನು ಕೂಡಿಸಿದರೆ ಸಿಗುವ ಸಕ್ಕರೆಗಿಂತ ಎಲ್ಲವನ್ನೂ ಒಟ್ಟಿಗೆ ಬಿಟ್ಟಾಗ ಸಿಗುವುದು ಹೆಚ್ಚು.

ಆದರೂ ಒಂದು ಲೆಕ್ಕ ಕೂಡುತ್ತಿರಲಿಲ್ಲ. ತುದಿ ಸಿಕ್ಕರೆ ಎಳೆಯಬಹುದು. ಗಟ್ಟಿ ಹರಳಿನಲ್ಲಿ ಮೊದಲ ತುದಿ ಎಲ್ಲಿಂದ ಬರಬೇಕು? ರೀಸ್ ಮತ್ತು ಸಂಗಡಿಗರು 1950ರಲ್ಲೇ ಬರೆದಿದ್ದರು: ಮೊದಲು ಹರಳನ್ನು ಸಡಿಲಿಸುವ ಏನೋ ಒಂದು ಇರಬೇಕು, ಕತ್ತರಿಗಳು ಬರುವುದು ಆಮೇಲೆ. ಆ ‘ಏನೋ ಒಂದು’ ಅರವತ್ತು ವರ್ಷ ಸಿಗಲಿಲ್ಲ. ಸಿಕ್ಕಿದ್ದು ನಾರ್ವೆಯ ಓಸ್ ಎಂಬ ಊರಿನಲ್ಲಿ, ಅದೂ ಸಸ್ಯಕ್ಕೆ ಸಂಬಂಧವೇ ಇಲ್ಲದ ದಾರಿಯಲ್ಲಿ. ಗುಸ್ತಾವ್ ವಾಯೆ-ಕೋಲ್‌ಸ್ಟಾಡ್, ವಿನ್ಸೆಂಟ್ ಐಸಿಂಕ್ ಮತ್ತು ಜೊತೆಗಾರರು ಏಡಿ, ಸೀಗಡಿಗಳ ಚಿಪ್ಪಿನಲ್ಲಿರುವ ಕೈಟಿನ್ ಹೇಗೆ ಕರಗುತ್ತದೆ ಎಂದು ನೋಡುತ್ತಿದ್ದರು. ಬ್ಯಾಕ್ಟೀರಿಯಾದ ಒಂದು ಪುಟ್ಟ ಪ್ರೋಟೀನು ಸುಮ್ಮನೆ ಕೈಟಿನ್ನಿಗೆ ಅಂಟಿಕೊಳ್ಳುತ್ತದೆ, ಅಷ್ಟೇ ಎಂದು ಎಲ್ಲರೂ ನಂಬಿದ್ದರು. ಅದನ್ನು ಸೇರಿಸಿದಾಗ ಉಳಿದ ಕಿಣ್ವಗಳ ವೇಗ ಏರುತ್ತಿತ್ತು. ಏಕೆ? 2010ರಲ್ಲಿ ಉತ್ತರ ಬಂತು. ಆ ಪ್ರೋಟೀನು ಸ್ವತಃ ಕಿಣ್ವ! ಸುರಂಗವಿಲ್ಲ, ಹೊಂಡವಿಲ್ಲ, ಮೈ ಚಪ್ಪಟೆ. ಆ ಚಪ್ಪಟೆ ಮೈಯಿಂದ ಹರಳಿನ ಮೇಲೆ ಹಾಗೇ ಕೂತು, ಸರಪಳಿಯನ್ನು ಹರಳಿನಿಂದ ಎತ್ತದೆ, ಇದ್ದಲ್ಲೇ ಆಮ್ಲಜನಕದ ಬಲದಿಂದ ಸುಟ್ಟು ತುಂಡರಿಸುತ್ತದೆ. ಸಸ್ಯದ ಗೋಡೆ ಒಡೆಯುವ ಬೂಷ್ಟುಗಳಲ್ಲೂ ಇದರ ಬಳಗದವು ತುಂಬಿವೆ ಎಂದು ಬೆನ್ನಲ್ಲೇ ತಿಳಿಯಿತು. ಅವುಗಳ ಒಡಲಲ್ಲಿ ಇರುವುದು ತಾಮ್ರದ ಒಂದೇ ಒಂದು ಪರಮಾಣು. ಎಲ್‌ಪಿಎಂಒ ಎಂದು ಈಗ ಅವುಗಳ ಹೆಸರು. ಈ ಕಿಣ್ವಗಳಿಗೆ ನಿಜವಾದ ಮೇವು ಹೈಡ್ರೋಜನ್ ಪೆರಾಕ್ಸೈಡ್ ಎಂದು 2017ರಲ್ಲಿ ಓಸ್‌ನಿಂದಲೇ ಇನ್ನೊಂದು ಸುದ್ದಿ ಬಂದು ಮತ್ತೆ ಎಲ್ಲರ ನಿದ್ದೆ ಕೆಡಿಸಿತು. ಗಾಯಕ್ಕೆ ಹಚ್ಚಿದರೆ ನೊರೆಯುಕ್ಕುತ್ತದಲ್ಲ, ಅದೇ ಪೆರಾಕ್ಸೈಡ್!

ಇಷ್ಟೆಲ್ಲ ಆಯುಧಗಳಿರುವ ಬೂಷ್ಟಿನ ಜೀನೋಮಿನಲ್ಲಿ ಈ ಕಿಣ್ವಗಳ ಜೀನುಗಳು ಗಿಜಿಗುಡುತ್ತಿರಬೇಕು ಎಂದು ಯಾರಾದರೂ ಎಣಿಸುತ್ತಾರೆ. ಟ್ರೈಕೋಡರ್ಮಾ ರೀಸಿಯ ಜೀನೋಮನ್ನು 2008ರಲ್ಲಿ ಓದಿ ಮುಗಿಸಿದರು. ಸಸ್ಯದ ಗೋಡೆ ಒಡೆಯಬಲ್ಲ, ಅಲ್ಲಿಯವರೆಗೆ ಓದಿದ್ದ ಬೇರೆಲ್ಲ ಶಿಲೀಂಧ್ರಗಳಿಗಿಂತ ಇದರಲ್ಲಿ ಅಂಥ ಜೀನುಗಳು ಕಡಿಮೆ! ಇರುವ ಕೆಲವನ್ನೇ ಹಿಡಿದು ಹೊಳೆಯಂತೆ ಸುರಿಸುವುದು ಅದರ ವಿದ್ಯೆ.

ಗೋಡೆ ಒಡೆಯುವ ವಿದ್ಯೆ ನಮ್ಮ ಕೊಟ್ಟಿಗೆಯಲ್ಲೂ ಇದೆ. ಹಸುವಿಗೆ ಸ್ವಂತವಾಗಿ ಹುಲ್ಲು ಕರಗಿಸುವ ಕಿಣ್ವವಿಲ್ಲ. ಅದರ ದೊಡ್ಡ ಮೊದಲ ಹೊಟ್ಟೆಯಲ್ಲಿ ಗಾಳಿಯಿಲ್ಲದ ಕತ್ತಲೆಯಲ್ಲಿ ಕೋಟಿ ಕೋಟಿ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡುತ್ತವೆ. ಇಂಗ್ಲೆಂಡಿನ ಕಾಲಿನ್ ಆರ್ಪಿನ್ 1970ರ ದಶಕದಲ್ಲಿ ಕುರಿಯ ಹೊಟ್ಟೆಯ ರಸದಲ್ಲಿ ಈಜುವ ಪುಟ್ಟ ಜೀವಿಗಳನ್ನು ನೋಡುತ್ತಿದ್ದರು. ಎಲ್ಲರೂ ಅವನ್ನು ಏಕಕೋಶ ಪ್ರಾಣಿಗಳೆಂದು ಬರೆದಿಟ್ಟಿದ್ದರು. ಆದರೆ ಕುರಿ ಮೇವು ತಿಂದ ಕೂಡಲೇ ಅವುಗಳ ಸಂಖ್ಯೆ ದಿಢೀರನೆ ಏರುತ್ತಿತ್ತು, ಅಷ್ಟು ಬೇಗ ಯಾವ ಪ್ರಾಣಿಯೂ ಮರಿ ಹಾಕಲಾರದು. ಅವು ಬೀಜಕಣಗಳು! ಹುಲ್ಲಿನ ಕಡ್ಡಿಯೊಳಗೆ ಬೇರಿಳಿಸಿ ಕೂತಿದ್ದ ಶಿಲೀಂಧ್ರ ಮೇವಿನ ವಾಸನೆ ಹಿಡಿದು ಅವನ್ನು ಬಿಡುತ್ತಿತ್ತು. ಆಮ್ಲಜನಕವಿಲ್ಲದೆ ಬದುಕುವ ಶಿಲೀಂಧ್ರವೇ ಇಲ್ಲ ಎಂದು ಪಾಠಪುಸ್ತಕಗಳು ಹೇಳುತ್ತಿದ್ದ ಕಾಲ ಅದು. ಇನ್ನು ಇಸ್ರೇಲಿನ ಎಡ್ ಬೇಯರ್ ಮತ್ತು ರಫಾಯೆಲ್ ಲಾಮೆಡ್ 1983ರಲ್ಲಿ ಒಂದು ಬ್ಯಾಕ್ಟೀರಿಯಾದ ಮೈಮೇಲೆ ಕಂಡದ್ದು ಬಿಡಿ ಕಿಣ್ವಗಳನ್ನಲ್ಲ, ಒಂದೇ ಬೆನ್ನೆಲುಬಿಗೆ ಕೊಂಡಿಹಾಕಿ ನಿಲ್ಲಿಸಿದ ಕಿಣ್ವಗಳ ಇಡೀ ಪಡೆಯನ್ನು. ಸೆಲ್ಯುಲೋಸೋಮ್ ಎಂದು ಅದರ ಹೆಸರು. ಹಸುವಿನ ಹೊಟ್ಟೆಯ ಬ್ಯಾಕ್ಟೀರಿಯಾಗಳಲ್ಲೂ ಅಂಥವು ಆಮೇಲೆ ಸಿಕ್ಕವು.

ಮೊದಲ ಮಳೆಗಳ ಹಿಂದೆ ಹುತ್ತದ ಸುತ್ತ ಏಳುವ ಅಣಬೆಗಾಗಿ ಮಲೆನಾಡಿನಲ್ಲಿ ಬೆಳಗ್ಗೆ ಎದ್ದು ಓಡುವವರಿಗೆ ಗೊತ್ತಿರಬೇಕಾದ ಸಂಗತಿಯೊಂದಿದೆ. ಅದು ಗೆದ್ದಲು ಸಾಕಿದ ಬೆಳೆ. ಗೆದ್ದಲು ತರಗು, ಕಡ್ಡಿಗಳನ್ನು ಅಗಿದು ತಂದು ಹುತ್ತದೊಳಗೆ ಜಾಲರಿಯಂತೆ ಪೇರಿಸುತ್ತದೆ, ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರ ಬೆಳೆಯುತ್ತದೆ, ಗೋಡೆ ಒಡೆಯುವ ಕಷ್ಟದ ಕೆಲಸ ಶಿಲೀಂಧ್ರದ್ದು, ಹದವಾದದ್ದನ್ನು ತಿನ್ನುವುದು ಗೆದ್ದಲು. ನಮ್ಮ ಸಾರಿನ ಅಣಬೆ ಆ ಒಪ್ಪಂದದ ಹೂವು.

ಈಗ ಬಳ್ಳಾರಿಗೆ ಬನ್ನಿ. ಜೀನ್ಸ್ ಹೊಲಿಯುವ, ತೊಳೆಯುವ ಊರು. ಹೊಸ ಜೀನ್ಸಿನ ಒಂದು ನೀಲಿ ನೂಲನ್ನು ಎಳೆದು ಮುರಿದು ನೋಡಿ: ಮೇಲೆ ಕಡುನೀಲಿ, ಒಳಗಿನ ತಿರುಳು ಬೆಳ್ಳಗೆ. ಇಂಡಿಗೊ ಬಣ್ಣ ನೂಲಿನ ಹೊರಗೇ ನಿಂತುಬಿಡುತ್ತದೆ. ಹಳತಾದಂತೆ ಕಾಣಬೇಕೆಂದರೆ ಆ ಹೊರಪದರ ಅಲ್ಲಲ್ಲಿ ಹೋಗಬೇಕು. ಹಿಂದೆ ಯಂತ್ರದೊಳಗೆ ಪ್ಯೂಮಿಸ್ ಕಲ್ಲು ಹಾಕಿ ಗಡಗಡ ತಿರುಗಿಸುತ್ತಿದ್ದರು. ಬಟ್ಟೆ ಹರಿಯುತ್ತಿತ್ತು, ಯಂತ್ರ ಸವೆಯುತ್ತಿತ್ತು, ಚರಂಡಿಯಲ್ಲಿ ಕಲ್ಲುಪುಡಿ ತುಂಬುತ್ತಿತ್ತು. 1980ರ ದಶಕದ ಕೊನೆಯ ಹೊತ್ತಿಗೆ ಲೋಕದ ವಾಷಿಂಗ್ ಘಟಕಗಳಿಗೆ ಸೆಲ್ಯುಲೇಸ್, ಅಂದರೆ ಸೆಲ್ಯುಲೋಸ್ ಒಡೆಯುವ ಕಿಣ್ವ, ಬಂತು. ಬಿಸಿನೀರು, ಅಳತೆಯ ಕಿಣ್ವ, ಒಂದಿಷ್ಟು ಹೊತ್ತಿನ ತಿರುಗಾಟ. ನೂಲಿನ ಮೇಲಿನ ಎಳೆಗಳ ತುದಿಗಳನ್ನು ಅದು ಮೆಲ್ಲುತ್ತದೆ, ಎಳೆಯ ಜೊತೆ ಬಣ್ಣವೂ ಉದುರುತ್ತದೆ. ಟ್ರೈಕೋಡರ್ಮಾದ ಕಿಣ್ವಕ್ಕೆ ಆಮ್ಲದ ನೀರು ಇಷ್ಟ, ಕೆಲಸ ಚುರುಕು, ಆದರೆ ಉದುರಿದ ನೀಲಿ ಮತ್ತೆ ಬಟ್ಟೆಗೆ ಮೆತ್ತಿಕೊಳ್ಳುವುದು ಜಾಸ್ತಿ. ಹ್ಯುಮಿಕೋಲಾ ಎಂಬ ಇನ್ನೊಂದು ಶಿಲೀಂಧ್ರದ ಕಿಣ್ವ ನಿಧಾನ, ಆದರೆ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ. ಹದ ಬಂದ ಕೂಡಲೇ ಸೋಡಾ ಹಾಕಿಯೋ ನೀರು ಕಾಯಿಸಿಯೋ ಕಿಣ್ವವನ್ನು ನಿಲ್ಲಿಸಬೇಕು. ಮರೆತರೆ ಬಟ್ಟೆಯನ್ನೇ ತಿಂದೀತು. ಡೇರೆ ತಿಂದ ಗುಣ ಎಲ್ಲಿಗೆ ಹೋಗುತ್ತದೆ! ‘ಎಂಜೈಮ್ ವಾಶ್’ ಎಂಬ ಮಾತಿನ ಹಿಂದೆ ಪೆಸಿಫಿಕ್ಕಿನ ಒಂದು ದ್ವೀಪದ ಮಳೆಯಿದೆ ಎನ್ನುವುದು ನೆನಪಾದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಪೆಕ್ಟಿನ್ ಒಡೆಯುವ ಕಿಣ್ವಗಳ ಕಥೆ ಬೇರೆ, ಅವುಗಳ ಕೈಚಳಕ ಇನ್ನೂ ಮೆದು. ಹಣ್ಣಿನ ರಸವನ್ನು ತಿಳಿಮಾಡಲು 1930ರ ದಶಕದಿಂದಲೂ ಕಾರ್ಖಾನೆಗಳು ಅವನ್ನು ಬಳಸುತ್ತಿವೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಕಣದಲ್ಲಂತೂ ಅವು ಕರೆಯದೆಯೇ ಬರುತ್ತವೆ. ಕೆಂಪು ಹಣ್ಣನ್ನು ಪಲ್ಪರ್‌ಗೆ ಕೊಟ್ಟು ಸಿಪ್ಪೆ ಬಿಡಿಸಿದ ಮೇಲೂ ಬೀಜದ ಮೇಲೆ ಜಾರುವ ಲೋಳೆ ಉಳಿಯುತ್ತದಲ್ಲ, ಅದರ ಜೀವ ಪೆಕ್ಟಿನ್. ತೊಟ್ಟಿಯಲ್ಲಿ ಹುದುಗಲು ಬಿಟ್ಟಾಗ ಸೂಕ್ಷ್ಮಜೀವಿಗಳ ಪೆಕ್ಟಿನೇಸುಗಳು ಅದನ್ನು ಕರಗಿಸುತ್ತವೆ. ಹಿಡಿಯಷ್ಟು ಬೀಜವನ್ನು ತೊಳೆದು ಅಂಗೈಯಲ್ಲಿ ಉಜ್ಜಿದಾಗ ಜಾರುವುದು ನಿಂತು, ಗರಗರ ಎಂದು ಹರಳುಕಲ್ಲಿನಂತೆ ಕೈಗೆ ಹತ್ತಿದರೆ ಹದ ಬಂತು ಎಂದು ತೊಟ್ಟಿಯ ಆಳು ಕೂಗಿ ಹೇಳುತ್ತಾನೆ. ಕೊನೆಯ ಪೆಕ್ಟಿನ್ ಸರಪಳಿ ಕತ್ತರಿಸಿ ಬಿದ್ದದ್ದು ಅವನ ಅಂಗೈಗೆ ತಿಳಿಯಿತು!

ಇಷ್ಟಾದರೂ, ಈ ಕಿಣ್ವಗಳು ಮಾಡಿದ ಅತಿ ದೊಡ್ಡ ಬೆರಗಿನ ಕೆಲಸ ಯಾವುದು ಎಂದರೆ ನಾನು ಬೆರಳು ತೋರಿಸುವುದು ನಾಟಿಂಗ್‌ಹ್ಯಾಮಿನ ಒಂದು ಪ್ರಯೋಗಾಲಯದ ಕಡೆಗೆ. ಎಡ್ವರ್ಡ್ ಕಾಕಿಂಗ್ 1960ರಲ್ಲಿ ಟೊಮೆಟೊ ಬೇರಿನ ಎಳೆಯ ತುದಿಗಳನ್ನು ಮೈರೊಥೀಸಿಯಂ ಎಂಬ ಬೂಷ್ಟಿನ ಕಿಣ್ವದಲ್ಲಿ ಅದ್ದಿದರು. ಅದೂ ಹತ್ತಿಬಟ್ಟೆಯ ಬಾಳಿಕೆ ಪರೀಕ್ಷಿಸಲು ಬಳಸುತ್ತಿದ್ದ ಬೂಷ್ಟೇ. ಗೋಡೆಗಳು ಕರಗಿದವು. ಒಳಗಿದ್ದ ಜೀವಕೋಶಗಳು ಜೀವಂತವಾಗಿ ಹೊರಗೆ ತೇಲಿದವು! ಸಸ್ಯಗಳು ಇರುವಷ್ಟು ಕಾಲವೂ ಗೋಡೆಯೊಳಗೇ ಇದ್ದ ಜೀವ ಈಗ ಬರಿಮೈಯಲ್ಲಿ.

ಇಂದು ಇದನ್ನು ಜೀವವಿಜ್ಞಾನದ ವಿದ್ಯಾರ್ಥಿಗಳು ತಂಬಾಕಿನ ಎಲೆಯಲ್ಲಿ ಮಾಡುತ್ತಾರೆ. ಎಲೆಯನ್ನು ಸಣ್ಣಗೆ ಸೀಳಿ, ಸೆಲ್ಯುಲೇಸ್ ಮತ್ತು ಪೆಕ್ಟಿನೇಸ್ ಬೆರೆಸಿದ ನೀರಿನಲ್ಲಿ ಕೆಲವು ಗಂಟೆ ಬಿಡುತ್ತಾರೆ. ನೀರಿಗೆ ಮ್ಯಾನಿಟಾಲಿನಂಥ ಸಕ್ಕರೆ-ಆಲ್ಕೊಹಾಲ್ ಸೇರಿಸಿರಬೇಕು, ಇಲ್ಲದಿದ್ದರೆ ಗೋಡೆಯಿಲ್ಲದ ಕೋಶ ನೀರು ಕುಡಿದು ಕುಡಿದು ಪಟ್ಟನೆ ಒಡೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಮೊದಲು ಕಾಣುವುದು ಮೂಲೆಮೂಲೆಯಾದ, ಒತ್ತೊತ್ತಾದ ಕೋಶಗಳು. ಪೆಕ್ಟಿನ್ ಹೋದಂತೆ ಅವು ಒಂದರಿಂದೊಂದು ಬಿಡುತ್ತವೆ. ಸೆಲ್ಯುಲೋಸ್ ಹೋದಂತೆ ಮೂಲೆಗಳು ಮೃದುವಾಗುತ್ತವೆ. ಕೊನೆಗೆ ಒಂದೊಂದೂ ಗುಂಡಗೆ, ಅಂಚಿನಲ್ಲಿ ಹಸಿರು ಕಣಗಳನ್ನು ಒತ್ತಿಟ್ಟುಕೊಂಡು ಉರುಳುತ್ತದೆ. ಆಮೇಲೆ ಕಿಣ್ವವನ್ನು ತೊಳೆದು ಪೋಷಕಾಂಶ ಕೊಟ್ಟರೆ ಅದು ಹೊಸ ಗೋಡೆ ಕಟ್ಟಿಕೊಳ್ಳುತ್ತದೆ, ಒಡೆದು ಎರಡಾಗುತ್ತದೆ, ಗಂಟಾಗುತ್ತದೆ, ಚಿಗುರುತ್ತದೆ. ಜಪಾನಿನ ಇಟಾರು ಟಕೇಬೆ ಮತ್ತು ಜೊತೆಗಾರರು 1971ರಲ್ಲಿ ಎಲೆಯ ಇಂಥ ಬರಿಮೈ ಕೋಶದಿಂದ ಇಡೀ ತಂಬಾಕಿನ ಗಿಡ ಎಬ್ಬಿಸಿ ನಿಲ್ಲಿಸಿದರು. ಗೋಡೆಯಿಲ್ಲದ ಎರಡು ಕೋಶಗಳು ಅಕ್ಕಪಕ್ಕ ಬಂದರೆ ಬೆಸೆದು ಒಂದಾಗಲೂಬಹುದು. ಜರ್ಮನಿಯ ಗೇಯೊರ್ಗ್ ಮೆಲ್ಷರ್ಸ್ 1978ರಲ್ಲಿ ಆಲೂಗಡ್ಡೆಯ ಕೋಶವನ್ನೂ ಟೊಮೆಟೊ ಕೋಶವನ್ನೂ ಹಾಗೆ ಬೆಸೆದು ಒಂದೇ ಗಿಡ ಮಾಡಿದರು. ಅದರಿಂದ ಹೊಲಕ್ಕೆ ಲಾಭವಾಗಲಿಲ್ಲ, ನಿಜ. ಆದರೆ ಇಂದು ಬೆಳೆಯ ಜೀನನ್ನು ತಿದ್ದುವ ಕ್ರಿಸ್ಪರ್ ಪ್ರಯೋಗಗಳಲ್ಲಿ ಹಲವು ಶುರುವಾಗುವುದು ಇದೇ ಗೋಡೆ ಕಳಚಿದ ಹಸಿರು ಗುಂಡುಗಳಲ್ಲಿ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಹುಲ್ಲಿನಿಂದ ಇಂಧನ ಬರುತ್ತದೆಯೇ? ಬರುತ್ತದೆ. ಇಂಡಿಯನ್ ಆಯಿಲ್ ಸಂಸ್ಥೆ ಹರಿಯಾಣದ ಪಾಣಿಪತ್‌ನಲ್ಲಿ ಕಟ್ಟಿದ ಘಟಕ 2022ರ ಆಗಸ್ಟ್ 10ರಂದು ಲೋಕಾರ್ಪಣೆಯಾಯಿತು. ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥನಾಲ್ ತೆಗೆಯುವಂತೆ ಅದರ ವಿನ್ಯಾಸ. ಆದರೆ ಹಾದಿ ಸಲೀಸಲ್ಲ. ಅಮೆರಿಕದ ಅಯೋವಾದಲ್ಲಿ 2015ರಲ್ಲಿ ಶುರುವಾದ ಡುಪಾಂಟ್ ಕಂಪನಿಯ ಭಾರಿ ಘಟಕ, ಇಟಲಿಯ ಕ್ರೆಸೆಂಟಿನೊದಲ್ಲಿ 2013ರಲ್ಲಿ ಬಂದ ಘಟಕ, ಎರಡೂ 2017ರಲ್ಲಿ ನಿಂತುಹೋದವು. ಹುಲ್ಲು ಹಗುರ, ಸಾಗಣೆ ಭಾರ. ಲಿಗ್ನಿನ್ ಅಡ್ಡ ಬರುತ್ತದೆ, ಮೊದಲು ಆವಿ, ಆಮ್ಲಗಳಿಂದ ಗೋಡೆಯನ್ನು ಸಡಿಲಿಸಬೇಕು. ಹೆಮಿಸೆಲ್ಯುಲೋಸಿನಿಂದ ಬರುವ ಕ್ಸೈಲೋಸ್ ಸಕ್ಕರೆ ಮಾಮೂಲಿ ಯೀಸ್ಟಿಗೆ ರುಚಿಸುವುದಿಲ್ಲ. ಕಿಣ್ವದ ಖರ್ಚು ಬೇರೆ. ಎಲ್‌ಪಿಎಂಒ ಸೇರಿದ ಹೊಸ ಮಿಶ್ರಣಗಳಿಂದ ಬೇಕಾಗುವ ಕಿಣ್ವದ ಪ್ರಮಾಣ ಇಳಿದಿದೆ. ಬಣವೆಗೆ ಬೆಂಕಿ ಇಡುವುದಕ್ಕಿಂತ ಇದು ಸಾವಿರ ಪಾಲು ಮೇಲು ಎಂದು ನಾನು ನಂಬುತ್ತೇನೆ, ಆದ್ದರಿಂದಲೇ ಇದರ ಕಷ್ಟವನ್ನು ಮುಚ್ಚಿಡಬಾರದು ಎಂದೂ ನಂಬುತ್ತೇನೆ.

ಹುಡುಕಾಟ ನಿಂತಿಲ್ಲ. ಹಸುವಿನ ಹೊಟ್ಟೆಯೊಳಗಿನ ಜೀವಿಗಳ ಡಿಎನ್‌ಎಯನ್ನು ಒಟ್ಟಿಗೇ ಓದಿದ ಅಮೆರಿಕದ ತಂಡವೊಂದು 2011ರಲ್ಲಿ ಸಸ್ಯದ ಸಕ್ಕರೆ ಸರಪಳಿಗಳ ಮೇಲೆ ಕೆಲಸ ಮಾಡಬಹುದಾದ 27,755 ಜೀನುಗಳನ್ನು ಪಟ್ಟಿ ಮಾಡಿತು. ಅವುಗಳಿಂದ 90ನ್ನು ಆರಿಸಿ ಪ್ರೋಟೀನು ತಯಾರಿಸಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ನಿಜಕ್ಕೂ ಕೆಲಸ ಮಾಡಿದವು! ಮೊನ್ನೆ ಮೊನ್ನೆ, 2025ರ ಫೆಬ್ರವರಿಯಲ್ಲಿ, ಬ್ರೆಜಿಲ್‌ನ ಮಾರಿಯೊ ಮುರಕಾಮಿ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಇನ್ನೊಂದನ್ನು ಪ್ರಕಟಿಸಿದರು. ಅದರ ಮೂಲ ಕಬ್ಬಿನ ಸಿಪ್ಪೆ ದಶಕಗಳ ಕಾಲ ಬಿದ್ದು ಕೊಳೆಯುತ್ತಿದ್ದ ಜಾಗದ ಮಣ್ಣು. ಆ ಮಣ್ಣಿನ ಬ್ಯಾಕ್ಟೀರಿಯಾದ ಪುಟ್ಟ ಕಿಣ್ವ ಸೆಲ್‌ಒಸಿಇ. ಇದರಲ್ಲೂ ತಾಮ್ರ, ಆದರೆ ಎಲ್‌ಪಿಎಂಒಗಳಿಗಿಂತ ಬೇರೆಯದೇ ವರಸೆ. ಇದು ಜೋಡಿಯಾಗಿ ಬರುತ್ತದೆ: ಒಂದು ಸೆಲ್ಯುಲೋಸಿನ ಸರಪಳಿಯ ತುದಿಗೆ ಬಿಗಿಯಾಗಿ ಕೂತು ಕತ್ತರಿಸುತ್ತಿದ್ದರೆ, ಬಿಡುವಾಗಿರುವ ಇನ್ನೊಂದು ಅದಕ್ಕೆ ಬೇಕಾದ ಪೆರಾಕ್ಸೈಡನ್ನು ಅಲ್ಲೇ ತಯಾರಿಸಿ ಒದಗಿಸಬಲ್ಲದು. ಮೇವನ್ನು ತಾನೇ ಮಾಡಿಕೊಳ್ಳುವ ಕತ್ತರಿ!

ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳ ಹಿಂದೆ ಕಬ್ಬಿನ ಸಿಪ್ಪೆಯ ಗುಡ್ಡಗಳಿವೆ. ಬಹುಪಾಲು ಬಾಯ್ಲರಿಗೆ ಹೋಗುತ್ತದೆ, ಅಡಿಯಲ್ಲಿ ಒಂದಿಷ್ಟು ಮಳೆಗೆ ನೆನೆದು ಕಪ್ಪಾಗಿ ಮಣ್ಣಿಗೆ ಸೇರುತ್ತದೆ. ಆ ಕಪ್ಪು ಮಣ್ಣಿನ ಒಂದು ಚಮಚದಲ್ಲಿ ಎಂಥ ಕಿಣ್ವಗಳಿರಬಹುದು ಎಂದು ನಮ್ಮ ವಿಶ್ವವಿದ್ಯಾಲಯಗಳ ಹುಡುಗ ಹುಡುಗಿಯರು ಪ್ರನಾಳದಲ್ಲಿ ಕಾಗದದ ಪಟ್ಟಿ ಇಳಿಸಿ ನೋಡಬೇಕು, ಈ ಮಳೆಗಾಲದಲ್ಲೇ.